ಬೆಳವಕ್ಕಿ ಮೆಚ್ಚದ ಸೌಂಡ್ ಕಾರ್ಡ್

ಮಾರ್ಸುದಿ ಮೇಷ್ಟ್ರಿಗೆ ತಮ್ಮ ಹೊಟ್ಟೆಯ ಬಗ್ಗೆ ಹೆಮ್ಮೆಯಿರಲಿಲ್ಲ. ತಲೆಗೂದಲ ಬಗ್ಗೆ ಹೆಮ್ಮೆಪಡೋಣವೆಂದರೆ ಅಲ್ಲೇನೂ ಉಳಿದಿರಲಿಲ್ಲ. ಜಾವಾದ ಕೊತಾಗೆದೆಯ ಸರ್ಕಾರಿ ಶಾಲೆಯಲ್ಲಿ ಭೂಗೋಳ ಪಾಠ ಮಾಡುವುದು ಹೆಮ್ಮೆಯ ವಿಷಯವೆಂದು ಅವರ ಹೆಂಡತಿ ಯಾವತ್ತೂ ಒಪ್ಪಿರಲಿಲ್ಲ. ಹಾಗಾಗಿ ಕೊನೆಗೆ ಉಳಿದದ್ದು ಕಿವಿ. ತಮ್ಮ ಕಿವಿಯೊಂದು ದೈವದತ್ತವಾದ ಯಂತ್ರ, ಆ ಯಂತ್ರದ ದೆಸೆಯಿಂದಲೇ ತಮಗೆ ಮದುವೆಯಾದದ್ದು ಎಂದು ಅವರು ಮದುವೆಯಾದ ಲಾಗಾಯ್ತಿನಿಂದ ಹೇಳಿಕೊಂಡು ಬಂದಿದ್ದರು.

ಆ ಕತೆ ಬೀದಿಯವರಿಗೆಲ್ಲ ಬಾಯಿಪಾಠ. (ಓದುಗರಿಗೆ ಮೊದಲ ಸಲವಾದ್ದರಿಂದ ಸ್ವಲ್ಪ ಸಹಿಸಿಕೊಳ್ಳಬೇಕು.) ಆಗ ಮಾರ್ಸುದಿ ಹೊಸದಾಗಿ ಕೆಲಸಕ್ಕೆ ಸೇರಿದ ಬಡಕಲು ಮೇಷ್ಟ್ರು. ಬೆಳ್ಳಿ ಕೆಲಸದ ಪಾಕ್ ಪ್ರವಿರೊ (ಪಾಕ್ ಎಂದರೆ ಯಜಮಾನರು) ಅವರ ಮಗಳು ವುರ್ಯಾನಿಯ ಮೇಲೆ ಅವರಿಗೆ ಮನಸ್ಸಾಗಿತ್ತು. ಆದರೆ ಹುಡುಗಿಯನ್ನು ನೋಡಲು ಬಂದೆ ಎಂದು ಬಾಯಿಬಿಟ್ಟು ಹೇಳುವವನನ್ನು ಕೊತಾಗೆದೆಯಲ್ಲಿ ಯಾರೂ ಜಗುಲಿ ಹತ್ತಿಸುವುದಿಲ್ಲ. ಹಕ್ಕಿಯ ದನಿ ಕೇಳಲು ಬಂದೆ ಎನ್ನಬೇಕು. ಪಾಕ್ ಪ್ರವಿರೊ ಅವರ ಮನೆಯಲ್ಲಿ ಊರಿಗೇ ಹೆಸರಾದ ಪರ್ಕುತುತ್ ಜಾತಿಯ ಬೆಳವಕ್ಕಿಯಿತ್ತು. ಅದರ ಹೆಸರು ಕ್ಯಾಯಿ ರಿರಿಸ್. ಅರಮನೆಯ ಕಠಾರಿಗಳಿಗೆ ಇಡುವಂಥ ಹೆಸರು. ಪಂಜರವನ್ನು ಎತ್ತರದ ಗಳುವಿನ ತುದಿಗೆ ಏರಿಸಿ, ಮುದುಕರು ಕೆಳಗೆ ಕೂತು ತಲೆ ಓರೆಮಾಡಿ ಕೇಳುತ್ತಿದ್ದರು. ಮಾರ್ಸುದಿಯೂ ಹೋಗಿ ಕೂತರು, ಕಣ್ಣು ಮುಚ್ಚಿದರು, ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಒಂದು ಬೆಳವ ಕೂಗಿದಾಗ, "ಪಾಕ್, ಇದರ ದನಿಯ ಬಾಲ ನೆಲಕ್ಕೆ ಬೀಳೋದೇ ಇಲ್ಲ, ಜಾಗಟೆ ಹೊಡೆದ ಹಾಗೆ ಗಾಳೀಲೇ ನಿಲ್ಲತ್ತೆ" ಎಂದರು. ಪಾಕ್ ಪ್ರವಿರೊ ಲವಂಗದ ಸಿಗರೇಟನ್ನು ಬಾಯಿಂದ ತೆಗೆದು ಹುಡುಗನನ್ನು ನೋಡಿ "ಹೂಂ" ಎಂದರು. ಅಷ್ಟೇ. ಮಳೆಗಾಲ ಮುಗಿಯುವುದರೊಳಗೆ ಮದುವೆ ಗೊತ್ತಾಯಿತು.

ಆ "ಹೂಂ" ಅನ್ನು ಮಾರ್ಸುದಿ ಒಂದು ಸರ್ಟಿಫಿಕೇಟಿನ ಹಾಗೆ ಎದೆಯಲ್ಲಿ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದರು.

ಈಗ ಮಾವ ಇಲ್ಲ. ಅವರು ತೀರಿಕೊಂಡ ಸಾವಿರನೇ ದಿನದ ಪ್ರಾರ್ಥನೆ ಹತ್ತಿರ ಬರುತ್ತಿತ್ತು. ಸತ್ತವರು ಪೂರ್ತಿಯಾಗಿ ಹೊರಟುಹೋಗುವುದು ಆ ದಿನವೇ ಎಂದು ಹಿರಿಯರ ನಂಬಿಕೆ. ಅಲ್ಲಿಯವರೆಗೆ ಅವರು ಮನೆಯ ಸುತ್ತಮುತ್ತಲೇ ಇರುತ್ತಾರಂತೆ. ಅದಕ್ಕೇ ಇರಬೇಕು, ವುರ್ಯಾನಿ ಆ ತಿಂಗಳೆಲ್ಲ ತವರಿನ ಪೆಟ್ಟಿಗೆಗಳನ್ನು ತೆಗೆಯುವುದು, ಮುಚ್ಚುವುದು, ಮೂಗು ಒರೆಸಿಕೊಳ್ಳುವುದು ನಡೆಸಿದ್ದರು. ಹಾಗೆ ತೆಗೆಯುವಾಗ ಮಡಿಸಿಟ್ಟ ಬಾತಿಕ್ ಬಟ್ಟೆಗಳ ನಡುವೆ ಒಂದು ಕ್ಯಾಸೆಟ್ ಸಿಕ್ಕಿತು. ಮಾವ ಯಾರದೋ ಟೇಪ್ ರೆಕಾರ್ಡರ್ ಎರವಲು ತಂದು ಕ್ಯಾಯಿ ರಿರಿಸ್‌ನ ದನಿಯನ್ನು ಹಿಡಿದಿಟ್ಟ ಕ್ಯಾಸೆಟ್.

ಮನೆಯ ಹಳೇ ಟೇಪಿನಲ್ಲಿ ಹಾಕಿದರು. ಕಾದ ಎಣ್ಣೆಯಲ್ಲಿ ತೆಂಪೆ ಕರಿಯುವಂಥ ಸದ್ದು. ಆ ಸದ್ದಿನ ಹಿಂದೆ, ಮೂರು ಮನೆ ಆಚೆಯಿಂದ ಕೇಳುವ ಹಾಗೆ ಹಕ್ಕಿ. ಹಕ್ಕಿಯ ದನಿ ಮುಗಿದ ಮೇಲೆ ಯಾರೋ ಗೊಣಗುಟ್ಟಿದಂತೆ ಏನೋ.

ವುರ್ಯಾನಿ ಕೈಯಲ್ಲಿದ್ದ ತೆಂಗಿನಕಾಯಿ ತುರಿಯುವ ಹಲಗೆಯನ್ನು ಕೆಳಗಿಟ್ಟರು. "ಅದು ಅಪ್ಪ" ಎಂದರು. "ಪಾಕ್ನೆ, ಅದು ಅಪ್ಪನ ದನಿ." (ಜಾವಾದಲ್ಲಿ ಹೆಂಡತಿ ಗಂಡನನ್ನು ಪಾಕ್ನೆ ಎಂದೂ ಗಂಡ ಹೆಂಡತಿಯನ್ನು ಬುನೆ ಎಂದೂ ಕರೆಯುವುದು ರೂಢಿ.)

ಇನ್ನೊಂದು ಸಲ ಹಾಕುವಷ್ಟರಲ್ಲಿ ಟೇಪ್ ಮೆಷಿನ್ ಕ್ಯಾಸೆಟ್ಟನ್ನು ಮೀ ಗೊರೆಂಗ್ ನೂಡಲ್ಸ್ ತಿಂದ ಹಾಗೆ ತಿನ್ನತೊಡಗಿತು. ಮಾರ್ಸುದಿ ಪೆನ್ಸಿಲ್ ತೂರಿಸಿ ಹೇಗೋ ಸುತ್ತಿ ಉಳಿಸಿದರು. ಇನ್ನೊಂದೆರಡು ಸಲಕ್ಕಿಂತ ಹೆಚ್ಚು ಅದು ತಾಳುವುದಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಅಪ್ಪನ ಫೋಟೋ ಎಷ್ಟು ಬೇಕಾದರೂ ಇದೆ" ಎಂದರು ವುರ್ಯಾನಿ. "ದನಿ ಇರೋದು ಇದೊಂದರಲ್ಲೇ. ಅವರು ಏನು ಹೇಳ್ತಿದಾರೆ ಅಂತ ನಂಗೆ ಕೇಳಬೇಕು. ಸಾವಿರದ ದಿನ ಎಲ್ಲರ ಮುಂದೆ ಕೇಳಿಸಬೇಕು. ಆಮೇಲೆ ಅವರು ಹೋಗ್ಲಿ."

ಹೆಂಡತಿ ಏನಾದರೂ ಕೇಳಿದರೆ ಅದರ ಜೊತೆಗೆ ಒಂದು ಚುಚ್ಚುಮಾತು ಇರುವುದು ಆ ಮನೆಯ ವಾಡಿಕೆ. ಈ ಸಲ ಇರಲಿಲ್ಲ. ಅದನ್ನು ಕಂಡ ಮಾರ್ಸುದಿ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಬುನೆ, ಕಂಪ್ಯೂಟರಿಗೆ ಇಳಿಸಿ, ತೊಳೆದು, ಒರೆಸಿ, ಅಪ್ಪ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಮಾಡಿ ಕೊಡ್ತೀನಿ" ಎಂದು ಮಾತು ಕೊಟ್ಟುಬಿಟ್ಟರು.

ಮಾತು ಕೊಡುವಾಗ ಅವರು ಮರೆತ ವಿಷಯವೆಂದರೆ, ಅವರ ಕಂಪ್ಯೂಟರ್ ಎಲ್ಲರ ಮನೆಯ ಕಂಪ್ಯೂಟರಿನಂತಲ್ಲ. ಸಾಫ್ಟ್‌ವೇರಿನ ಕಳ್ಳ ಪ್ರತಿಗಳ ಮೇಲೆ ದಾಳಿಯಾಗುತ್ತದೆಂದು ಯೋಗ್ಯ ನಗರದ ಇಂಟರ್ನೆಟ್ ಅಂಗಡಿಗಳೆಲ್ಲ ನಡುಗಿದ್ದ ಕಾಲ ಅದು. ಅವರ ಗೆಳೆಯ ಗಂದುಂಗ್ ರಾತ್ರೋರಾತ್ರಿ ತನ್ನ ಅಂಗಡಿಯ ಯಂತ್ರಗಳನ್ನೆಲ್ಲ ಪೆಂಗ್ವಿನ್ ಗುರುತಿನ ಲಿನಕ್ಸಿಗೆ ಬದಲಾಯಿಸಿದ್ದ. ಬದಲಾಯಿಸಿದವನು ಸುಮ್ಮನಿರದೆ ಧರ್ಮಪ್ರಚಾರಕನಂತೆ ಮನೆಮನೆ ಸುತ್ತಿ ಮಾರ್ಸುದಿಯವರನ್ನೂ ಮತಾಂತರ ಮಾಡಿದ್ದ.

"ಇದು ಊರ ಬಾವಿ ಇದ್ದ ಹಾಗೆ ಮಾಸ್" ಎಂದು ಆಗ ವಿವರಿಸಿದ್ದ. (ಮಾಸ್ ಎಂದರೆ ಅಣ್ಣ.) "ಪ್ರಪಂಚದವರೆಲ್ಲ ಸೇರಿ ತೋಡಿದ್ದು. ಯಾರು ಬೇಕಾದರೂ ನೀರು ಸೇದಬಹುದು, ಬಿಟ್ಟಿ."

"ಹಗ್ಗ, ಬಿಂದಿಗೆ ಮಾತ್ರ ನಾವೇ ತರಬೇಕು" ಎಂದಿದ್ದರು ಒಳಗಿಂದ ವುರ್ಯಾನಿ.

ಹಗ್ಗದ ಕೊರತೆ ಈಗ ತಿಳಿಯಿತು. ಕಂಪ್ಯೂಟರಿನ ಜೊತೆಯಲ್ಲೇ ಬಂದಿದ್ದ ಸೌಂಡ್ ಕಾರ್ಡ್ ಒಂದು ಮಹಾ ಚಾಡಿಕೋರ. ಮೌಸ್ ಸರಿಸಿದರೆ ಅದರ ಸದ್ದನ್ನು ಸ್ಪೀಕರಿಗೆ ಹೇಳುತ್ತಿತ್ತು, ಫ್ಯಾನ್ ತಿರುಗಿದರೆ ಹೇಳುತ್ತಿತ್ತು, ಪಕ್ಕದ ಮನೆಯವರು ನೀರಿನ ಮೋಟಾರು ಹಾಕಿದರೆ ಅದನ್ನೂ ಹೇಳುತ್ತಿತ್ತು. ಅದರ ಮೂಲಕ ಮಾವನನ್ನು ಇಳಿಸಿಕೊಂಡರೆ ಸೊಳ್ಳೆಗಳ ನಡುವೆ ಕೂರಿಸಿದಂತೆ. ಮಾರ್ಸುದಿ ಗಂದುಂಗ್‌ನನ್ನು ಕರೆಸಿದರು.

ಗಂದುಂಗ್ ಒಂದು ದೊಡ್ಡ ಚೌಕ ಬಿಸ್ಕತ್ ಡಬ್ಬಿ ಹಿಡಿದುಕೊಂಡು ಬಂದ. ಅದನ್ನು ಕಂಡ ವುರ್ಯಾನಿಯವರ ಮುಖ ಅರಳಿತು. ಬಿಸ್ಕತ್ ಡಬ್ಬಿಯಲ್ಲಿ ಬಿಸ್ಕತ್ ಇರುವುದಿಲ್ಲವೆಂದು ಜಾವಾದ ಮಕ್ಕಳಿಗೂ ಗೊತ್ತು. ಇರುವುದು ಪೆಯೆಕ್ ಎಂಬ ಕಡಲೆಬೀಜದ ಗರಿಗರಿ ತಿಂಡಿ. ಚಹಾ ಇಟ್ಟು, ತಟ್ಟೆ ತಂದು, ಮುಚ್ಚಳ ತೆಗೆದು ನೋಡಿದರೆ ಒಳಗೆ ಹಸಿರು ಹಲಗೆಗಳು, ತಂತಿ, ತಿರುಪು.

"ಇದನ್ನ ಎಣ್ಣೆಯಲ್ಲಿ ಕರಿಯೋದೋ, ಆವಿಯಲ್ಲಿ ಬೇಯಿಸೋದೋ?" ಎಂದು ಕೇಳಿ ಅವರು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.

"ಪೆಟ್ಟಿಗೆ ಮೇಲಿನ ಚಿತ್ರ ನೋಡಿ ಸೌಂಡ್ ಕಾರ್ಡ್ ತಗೋಬಾರದು ಮಾಸ್" ಎಂದು ಗಂದುಂಗ್ ಉಪದೇಶ ಶುರುಮಾಡಿದ. "ಒಳಗಿನ ಚಿಪ್ ನೋಡಬೇಕು. ಹೆಸರು ಅದೇ ಇರತ್ತೆ, ಈ ವರ್ಷ ಒಂದು ಚಿಪ್, ಬರೋ ವರ್ಷ ಇನ್ನೊಂದು. ಚಿಪ್ಪಿನ ಗುಟ್ಟನ್ನ ಕಂಪನಿಯವರು ಬಿಟ್ಟುಕೊಡದಿದ್ರೆ ನಮ್ಮ ಲಿನಕ್ಸಿನೋರು ಅದನ್ನ ನಡೆಸೋ ಡ್ರೈವರ್ ಪ್ರೋಗ್ರಾಮ್ ಬರೆಯೋದು ಹೇಗೆ?"

"ಗಂಡಿನ ಫೋಟೋ ನೋಡಿ ಮದುವೆ ಮಾಡಿದ ಹಾಗೆ" ಎಂದು ಅಡುಗೆಮನೆಯಿಂದ ದನಿ ಬಂತು. "ಒಳಗಿನ ಚಿಪ್ ಆಮೇಲೆ ಗೊತ್ತಾಗೋದು."

ಡಬ್ಬಿಯಿಂದ ಎರಡು ಕಾರ್ಡು ಆರಿಸಿದರು. ಒಂದು ಹೊಸದು. ಚಿನ್ನದ ಬಣ್ಣದ ತೂತುಗಳು, ಅದರ ಪೆಟ್ಟಿಗೆಯ ಮೇಲೆ ಬೆಂಕಿಯುಗುಳುವ ಯಾವುದೋ ಮೃಗ. ಇನ್ನೊಂದು ಮುಚ್ಚಿಹೋದ ಒಂದು ರೇಡಿಯೋ ಕೇಂದ್ರದ ಗುಜರಿಯಿಂದ ಬಂದದ್ದು. ಉದ್ದನೆಯ, ಧೂಳು ಹಿಡಿದ, ವಿಧುರನಂತೆ ಕಾಣುವ ಕಾರ್ಡು. ಗಂದುಂಗ್‌ಗೆ ಎರಡನೆಯದರ ಮೇಲೆ ಒಲವು. "ಇದರ ಚಿಪ್ಪಿಗೆ ಡ್ರೈವರ್ ಬಂಗಾರದಂಥದ್ದಿದೆ. ದನಿ ಸ್ವಚ್ಛ" ಎಂದ. ಮಾರ್ಸುದಿ ಹುಬ್ಬೇರಿಸಿದರು. ದನಿಯ ವಿಷಯದಲ್ಲಿ ತಮಗೆ ಇನ್ನೊಬ್ಬರು ಬುದ್ಧಿ ಹೇಳುವುದೇ?

ಮೊದಲು ಚಿನ್ನದ ತೂತಿನದನ್ನು ಹಾಕಿದರು. ಒಂದು ಇಡೀ ಭಾನುವಾರ ಕಂಪ್ಯೂಟರ್ ಮೌನವ್ರತ ಹಿಡಿಯಿತು. ಕಾರ್ಡು ಇದೆ ಎನ್ನುತ್ತಿತ್ತು, ಡ್ರೈವರ್ ಇದೆ ಎನ್ನುತ್ತಿತ್ತು, ಹಾಡುತ್ತಿದ್ದೇನೆ ಎಂದೂ ಪರದೆಯ ಮೇಲೆ ತೋರಿಸುತ್ತಿತ್ತು. ದನಿ ಮಾತ್ರ ಇಲ್ಲ. ಮಾರ್ಸುದಿ ಮೇಜಿನ ಕೆಳಗೆ ತೂರಿ, ತಲೆ ಹೊಡೆಸಿಕೊಂಡು, ತಂತಿ ಕಿತ್ತು, ಮತ್ತೆ ಚುಚ್ಚಿ, ಪ್ರಪಂಚದವರೆಲ್ಲ ಸೇರಿ ತೋಡಿದ ಆ ಬಾವಿಗೆ ಜಾವಾ ಭಾಷೆಯ ಅತಿ ವಿನಯದಿಂದ ಅತಿ ಒರಟಿನವರೆಗಿನ ಎಲ್ಲ ಮಟ್ಟಗಳಲ್ಲೂ ಶಾಪ ಹಾಕಿದರು. ಸಂಜೆ ಗಂದುಂಗ್‌ಗೆ ಫೋನ್ ಮಾಡಿದರೆ ಅವನು ಕೇಳಿದ್ದು ಒಂದೇ ಮಾತು: "ಮ್ಯೂಟ್ ತೆಗೆದಿರಾ ಮಾಸ್? ಲಿನಕ್ಸಲ್ಲಿ ಹೊಸ ಕಾರ್ಡು ಬಾಯಿ ಮುಚ್ಕೊಂಡೇ ಬರತ್ತೆ. ನಾವೇ ತೆರೀಬೇಕು."

"ಎಷ್ಟು ಒಳ್ಳೇ ಪದ್ಧತಿ" ಎಂದರು ವುರ್ಯಾನಿ. "ಬೇರೇದಕ್ಕೂ ಆ ಗುಂಡಿ ಇದೆಯಾ?"

ಬಾಯಿ ತೆರೆಸಿದ ಮೇಲೆ ದನಿ ಬಂತು. ಗಾತ್ರವಾದ ದನಿ, ಎದೆ ಗುದ್ದುವ ದನಿ. ಇದು ಒಳ್ಳೆಯದೋ, ಆ ಧೂಳು ಹಿಡಿದದ್ದು ಒಳ್ಳೆಯದೋ? ಮಾರ್ಸುದಿಯವರಿಗೆ (ಇದನ್ನು ಅವರು ಯಾರಿಗೂ ಹೇಳಲಿಲ್ಲ) ವ್ಯತ್ಯಾಸ ಸರಿಯಾಗಿ ಗೊತ್ತಾಗಲಿಲ್ಲ. ಒಮ್ಮೆ ಇದು ವಾಸಿ ಅನ್ನಿಸುತ್ತಿತ್ತು, ಕಾಫಿ ಕುಡಿದು ಬಂದರೆ ಅದು ವಾಸಿ ಅನ್ನಿಸುತ್ತಿತ್ತು. ಆಗಲೇ ಅವರ ತಲೆಗೆ ಆ ಭವ್ಯವಾದ ಉಪಾಯ ಹೊಳೆದದ್ದು.

ಅವರ ಮನೆಯಲ್ಲೂ ಒಂದು ಬೆಳವಕ್ಕಿಯಿತ್ತು. ಕ್ಯಾಯಿ ರಿರಿಸ್‌ನ ವಂಶದ್ದೇ, ಮರಿಮೊಮ್ಮಗನೋ ಇನ್ನೇನೋ. ಅದಕ್ಕೆ ಮಾರ್ಸುದಿ ಕ್ಯಾಯಿ ಮೇಘನಾದ ಎಂದು ನಾಮಕರಣ ಮಾಡಿದ್ದರು. ಆದರೆ ಅದು ತಿಂದು ತಿಂದು ಗುಂಡಗಾಗಿದ್ದರಿಂದ ವುರ್ಯಾನಿ ಅದನ್ನು ಬೆಲ್ಲ ತುಂಬಿದ ಅಕ್ಕಿ ಉಂಡೆಯ ಹೆಸರಿನಿಂದ ಕ್ಲೆಪೋನ್ ಎನ್ನುತ್ತಿದ್ದರು. ಹಕ್ಕಿ ಓಗೊಡುತ್ತಿದ್ದುದು ಆ ಹೆಸರಿಗೇ.

"ಬುನೆ, ಮನುಷ್ಯರ ಕಿವಿ ಮೋಸ ಹೋಗಬಹುದು" ಎಂದರು ಮಾರ್ಸುದಿ. "ಹಕ್ಕಿ ಕಿವಿ ಹೋಗಲ್ಲ. ಸ್ಪರ್ಧೇಲಿ ಗೆದ್ದ ಬೆಳವದ ದನಿಯ ಕ್ಯಾಸೆಟ್ ಹಕ್ಕಿ ಸಂತೇಲಿ ಸಿಗತ್ತಲ್ಲ, ಅದನ್ನ ಒಂದೊಂದು ಕಾರ್ಡಲ್ಲೂ ಹಾಕ್ತೀನಿ. ಯಾವುದನ್ನ ನಿಜವಾದ ಹಕ್ಕಿ ಅಂತ ನಂಬಿ ಮೇಘನಾದ ಉತ್ತರ ಕೊಡ್ತಾನೋ ಅದೇ ಒಳ್ಳೇ ಕಾರ್ಡು."

"ಅಂದ್ರೆ ಅಪ್ಪನ ದನಿ ಯಾವುದರಲ್ಲಿ ಚೆನ್ನಾಗಿರತ್ತೆ ಅಂತ ಹೇಳೋದು ಕ್ಲೆಪೋನ್."

"ವಿಜ್ಞಾನ ಅಂದ್ರೆ ಹಾಗೇ."

ಪರೀಕ್ಷೆ ನಡೆಯಿತು. ಮಾರ್ಸುದಿ ಬಿಳಿ ಅಂಗಿ ತೊಟ್ಟು ಕೂತರು, ಮೊಳೆಗೆ ಪಂಜರ ತೂಗುಹಾಕಿದರು. ಮೊದಲು ಚಾಡಿಕೋರ ಕಾರ್ಡು. ಸೊಳ್ಳೆಯ ಗುಂಯ್‌ಗುಡುವಿಕೆಯ ನಡುವೆ ಕ್ಯಾಸೆಟ್ಟಿನ ಹಕ್ಕಿ ಕೂಗಿತೋ ಇಲ್ಲವೋ, ಕ್ಲೆಪೋನ್ ಕುತ್ತಿಗೆ ಉಬ್ಬಿಸಿ "ಹೂರ್, ಕೆತೆಕೆತೆಕ್, ಕೂಂಗ್" ಎಂದಿತು. ಪರವಾಗಿಲ್ಲ. ಚಿನ್ನದ ತೂತಿನ ಕಾರ್ಡಿಗೆ ಇನ್ನೂ ಜೋರು. ಬಾಗಿ ಬಾಗಿ, ಬಾಲ ಬಿಚ್ಚಿ ಕೂಗಿತು. ಮಾರ್ಸುದಿ ತಲೆದೂಗಿದರು. ಆಮೇಲೆ ರೇಡಿಯೋ ಕೇಂದ್ರದ ಮುದಿ ಕಾರ್ಡು. ಮ್ಯೂಟ್ ತೆಗೆದರು, ಕ್ಯಾಸೆಟ್ ಹಾಕಿದರು. "ಹೂರ್, ಕೆತೆಕೆತೆಕ್, ಕೂಂಗ್" ಎಂದಿತು ಸ್ಪೀಕರು.

ಕ್ಲೆಪೋನ್ ತಟಸ್ಥವಾಯಿತು. ಒಮ್ಮೆ ಅತ್ತ ನೋಡಿತು, ಒಮ್ಮೆ ಇತ್ತ ನೋಡಿತು, ಗರಿಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ತೆಳ್ಳಗಾಗಿ ಪಂಜರದ ಮೂಲೆಗೆ ಸರಿದು ಕೂತಿತು. ಎಷ್ಟು ಹೊತ್ತು ಹಾಕಿದರೂ ತುಟಿ ಪಿಟಕ್ಕೆನ್ನಲಿಲ್ಲ.

"ನೋಡಿದೆಯಾ" ಎಂದರು ಮಾರ್ಸುದಿ. "ಜೀವವಿಲ್ಲದ ದನಿ. ಹಕ್ಕಿಗೆ ಇದು ಹಕ್ಕಿ ಅಂತಾನೇ ಅನ್ನಿಸಲಿಲ್ಲ."

ಮುದಿ ಕಾರ್ಡನ್ನು ವಾಪಸ್ ಕೊಡುವಾಗ ಗಂದುಂಗ್‌ಗೆ ನಂಬಲಾಗಲಿಲ್ಲ. "ಮಾಸ್, ಅಳತೆ ಮಾಡಿ ನೋಡಿದೀನಿ. ಈ ಮೂರರಲ್ಲಿ ಗಲಾಟೆ ಕಡಿಮೆ ಇರೋದೇ ಇದರಲ್ಲಿ" ಎಂದ.

"ನಿನ್ನ ಹತ್ರ ಅಂಕಿ ಇದೆ" ಎಂದರು ಮಾರ್ಸುದಿ, "ನನ್ನ ಹತ್ರ ಹಕ್ಕಿ ಇದೆ."

ಆದರೆ ಮರುದಿನ ಕ್ಲೆಪೋನ್ ಕೂಗಲಿಲ್ಲ. ಅದರ ಮರುದಿನವೂ ಇಲ್ಲ. ಗಳುವಿಗೆ ಏರಿಸಿದರು, ಬಿಸಿಲು ಕಾಯಿಸಿದರು, ಹೆಸರುಕಾಳು ತಿನ್ನಿಸಿದರು, ಶುಂಠಿ ಬೆಲ್ಲದ ಜಾಮು ಕಷಾಯ ಕುಡಿಸಿದರು. ಕೆಟ್ಟ ದನಿ ಕೇಳಿ ಎಳೆಯ ಕಿವಿಗೆ ಆಘಾತವಾಗಿದೆ ಎಂದು ಮಾರ್ಸುದಿ ರೋಗ ಪತ್ತೆ ಮಾಡಿದರು. ಅತ್ತ ಸಾವಿರದ ದಿನ ಮುಂದಿನ ವಾರಕ್ಕೆ ಬಂದು ನಿಂತಿತ್ತು.

ಆಗ ಬಂದರು ಮಾಸ್ ತರುಣೊ. ವುರ್ಯಾನಿಯ ಅಣ್ಣ, ಸೈನ್ಯದಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾದವರು. ನಿವೃತ್ತಿಯ ದಿನ ಸೈನ್ಯದವರು ಸಮವಸ್ತ್ರ ವಾಪಸ್ ಪಡೆದಿದ್ದರು, ಗಂಟಲನ್ನು ಪಡೆಯಲು ಮರೆತಿದ್ದರು. ಅವರು ಜಗುಲಿಯಲ್ಲಿ ಕಾಲಗಲಿಸಿ ಕೂತು ಕಾರ್ಯದ ಏರ್ಪಾಡೆಲ್ಲ ತಾವೇ ನಿರ್ಧರಿಸಿದರು. ಮೇಕೆ ಎಲ್ಲಿಂದ, ಚಾಪೆ ಎಷ್ಟು, ಮೌಲವಿಗಳು ಯಾರು, ಬಿದಿರಿನ ಬುಟ್ಟಿಯಲ್ಲಿ ಯಾರ ಮನೆಗೆ ಊಟ ಹೋಗಬೇಕು. ಮಾರ್ಸುದಿ ಬೆತ್ತದ ಕುರ್ಚಿಯ ತುದಿಯಲ್ಲಿ ಮೊಣಕಾಲು ಜೋಡಿಸಿ ಕೂತು "ಇಂಗಿಹ್, ಮಾಸ್" ಎನ್ನುತ್ತಿದ್ದರು. ಹೌದು ಎಂಬ ಮಾತನ್ನು ಅಷ್ಟು ವಿನಯದಿಂದ ಹೇಳಲು ಬೇರೆ ಯಾವ ಭಾಷೆಯಲ್ಲೂ ಆಗುವುದಿಲ್ಲ. ಎರಡು ಲೋಟ ಚಹಾ, ಒಂದು ತಟ್ಟೆ ಕರಿದ ಬಾಳೆಹಣ್ಣು ಖಾಲಿಮಾಡಿ ಸಾರ್ಜೆಂಟರು ಹೊರಟರು.

ವುರ್ಯಾನಿ ಲೋಟ ಎತ್ತಿಕೊಳ್ಳಲು ಬಂದವರು ಗಂಡನನ್ನು ನೋಡಿದರು. ಆಮೇಲೆ ಪಂಜರವನ್ನು ನೋಡಿದರು. ಮತ್ತೆ ಗಂಡನನ್ನು ನೋಡಿದರು. ಲೋಟ ಅಲ್ಲೇ ಬಿಟ್ಟು ನಗತೊಡಗಿದರು.

"ಏನಾಯ್ತು?"

"ಅಣ್ಣ ಬಂದಾಗ ನೀವು ಯಾಕೆ ಮಾತಾಡಲ್ಲ ಪಾಕ್ನೆ? ಅಣ್ಣನಿಗೆ ಜೀವ ಇಲ್ಲ ಅಂತಲಾ?"

ಮಾರ್ಸುದಿಗೆ ಅರ್ಥವಾಗಲಿಲ್ಲ.

"ಕ್ಲೆಪೋನ್ ನೋಡಿ. ನೀವು ಈಗ ಕೂತಿದ್ರಲ್ಲ, ಹಾಗೇ ಕೂತಿದಾನೆ. ಗರಿ ಮೈಗಂಟಿಸಿಕೊಂಡು, ಮೂಲೇಲಿ. ಅಪ್ಪನ ಮನೇಲಿ ಕ್ಯಾಯಿ ರಿರಿಸ್ ಕೂಗೋಕೆ ಶುರು ಮಾಡಿದ್ರೆ ಮಿಕ್ಕ ಪಂಜರಕ್ಕೆಲ್ಲ ನಾನೇ ಓಡಿಹೋಗಿ ಬಟ್ಟೆ ಹೊದಿಸ್ತಿದ್ದೆ. ಯಾಕೆ ಗೊತ್ತಾ? ಅಂಥ ದನಿ ಕೇಳಿದ್ರೆ ಸಣ್ಣ ಗಂಡುಗಳು ಧೈರ್ಯ ಕಳ್ಕೊಂಡು ತಿಂಗಳುಗಟ್ಟಲೆ ಬಾಯಿ ಬಿಡಲ್ಲ. ಮೊದಲ ಎರಡು ಕಾರ್ಡಿನ ಹಕ್ಕಿಗಳನ್ನ ಅವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಅದಕ್ಕೇ ಜಗಳಕ್ಕೆ ಹೋದ. ಮೂರನೇದು ಬಂದಾಗ ನಿಜವಾಗ್ಲೂ ಮನೆಯೊಳಗೆ ಯಾರೋ ದೊಡ್ಡೋನು ಬಂದ ಅಂದ್ಕೊಂಡ."

ಮಾರ್ಸುದಿ ಎದ್ದು ಪಂಜರಕ್ಕೆ ಬಟ್ಟೆ ಹೊದಿಸಿದರು. ಒಂದು ವಂಶದ ಹಕ್ಕಿಯ ಗೌರವವನ್ನು ತಾವೇ ಮಣ್ಣುಪಾಲು ಮಾಡಿದ್ದು ಅವರಿಗೆ ನಾಟಿತು. ಆಮೇಲೆ ಮುದಿ ಕಾರ್ಡಿನ ನೆನಪಾಗಿ ಸೈಕಲ್ ಹತ್ತಿದರು.

ಗಂದುಂಗ್ ಅದನ್ನು ಆಗಲೇ ಅಂಗಡಿಯ ಒಂದು ಯಂತ್ರಕ್ಕೆ ಹಾಕಿಬಿಟ್ಟಿದ್ದ. ಅಲ್ಲಿ ಕೂತ ಕಾಲೇಜು ಹುಡುಗನೊಬ್ಬ ಅದರ ಮೂಲಕ ಮೆಷಿನ್ ಗನ್ ಹಾರಿಸುತ್ತಿದ್ದ. "ದನಿ ಕೇಳಿ ಮಾಸ್, ಎಷ್ಟು ಸ್ವಚ್ಛ" ಎಂದ ಗಂದುಂಗ್. ಚಿನ್ನದ ತೂತಿನ ಕಾರ್ಡನ್ನು ಬದಲಿಗೆ ಕೊಟ್ಟು, "ಹಕ್ಕಿ ತೀರ್ಪು ಬದಲಾಯಿಸ್ತು" ಎಂದಷ್ಟೇ ಹೇಳಿ ಮಾರ್ಸುದಿ ತಲೆ ತಗ್ಗಿಸಿ ಬಂದರು.

ಕಾರ್ಯದ ದಿನ ಮಧ್ಯಾಹ್ನ ಕ್ಯಾಸೆಟ್ಟನ್ನು ಇಳಿಸಿಕೊಂಡರು. ಸ್ಪೀಕರ್ ಹಾಕಲು ವುರ್ಯಾನಿ ಬಿಡಲಿಲ್ಲ. "ರಿರಿಸ್ ದನಿ ಇನ್ನೊಂದು ಸಲ ಕೇಳಿದ್ರೆ ಕ್ಲೆಪೋನ್ ಎದೆ ಒಡೆದು ಸಾಯ್ತಾನೆ. ಸಂಜೆ ಅವನನ್ನ ಪಕ್ಕದ ಬೀದೀಲಿ ಬಿಟ್ಟು ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೇಳೋಣ." ಹೀಗಾಗಿ ಮಾರ್ಸುದಿ ಪರದೆಯ ಮೇಲೆ ಏರಿಳಿಯುವ ಹಸಿರು ಪಟ್ಟಿಗಳನ್ನಷ್ಟೇ ನೋಡುತ್ತ ಕೂತರು. ಹಿತ್ತಿಲಲ್ಲಿ ಹೆಂಗಸರು ತೆಂಗಿನಕಾಯಿ ತುರಿಯುತ್ತಿದ್ದರು, ಆಪೆಮ್ ಎಂಬ ಅಕ್ಕಿ ದೋಸೆಯ ಹಿಟ್ಟಿನ ವಾಸನೆ ಬರುತ್ತಿತ್ತು. ಪಟ್ಟಿಗಳು ಮೊದಲು ಹಕ್ಕಿಯ ಹಾಗೆ ಜಿಗಿದವು, ಆಮೇಲೆ ಮಾತಿನ ಹಾಗೆ ನಡೆದವು. ಪೂರ್ತಿ ಇಳಿಯಿತು. ಹಿಂದಕ್ಕೆ ಸುತ್ತಲು ಹೋದಾಗ ಕ್ಯಾಸೆಟ್ಟಿನ ಪಟ್ಟಿ ಪಟಕ್ಕನೆ ತುಂಡಾಯಿತು. ಇನ್ನು ಮಾವ ಇರುವುದು ಲಿನಕ್ಸಿನಲ್ಲಿ ಮಾತ್ರ.

ಸಂಜೆಯ ಪ್ರಾರ್ಥನೆ ಮುಗಿಯಿತು. ಚಾಪೆಯ ಮೇಲೆ ಬೀದಿಯ ಗಂಡಸರು, ಒಳಬಾಗಿಲ ಹತ್ತಿರ ಹೆಂಗಸರು, ನಡುವೆ ದೇವರಂತೆ ಸಾರ್ಜೆಂಟರು. ಊಟದ ಬುಟ್ಟಿ ಹಂಚುವ ಮೊದಲು ಮಾರ್ಸುದಿ ಎದ್ದು ನಿಂತರು. ಎರಡು ಮಾತು ಹೇಳಿ ಸ್ವಿಚ್ ಒತ್ತಿದ್ದರೆ ಸಾಕಿತ್ತು. ಆದರೆ ಸೇರಿದ ಸಭೆ, ಕೇಳುವ ಮುಖಗಳು, ಗೆದ್ದ ಕಾರ್ಡು. ಮಾವ ತಮ್ಮ ಕಿವಿಯನ್ನು ಹೇಗೆ ಗುರುತಿಸಿದರು, ಆ ಸಂಜೆ ತಾವು ಏನು ಹೇಳಿದರು, ಮಾವ ಹೇಗೆ "ಹೂಂ" ಎಂದರು ಎಂಬ ಇಡೀ ಕತೆಯನ್ನು ಮೊದಲಿನಿಂದ ಹೇಳಿದರು. "ಒಳ್ಳೇ ದನಿ ಯಾವುದು ಅಂತ ಆರಿಸೋ ವಿದ್ಯೆ ನಂಗೆ ಅವರ ಆಶೀರ್ವಾದ" ಎಂದು ಮುಗಿಸಿ ಮೌಸ್ ಒತ್ತಿದರು.

ಎಣ್ಣೆ ಕರಿಯುವ ಸದ್ದು ಎಲ್ಲೋ ದೂರ ಹೋಗಿತ್ತು. ಬೆಳಗಿನ ಹೊತ್ತಿನ ಅಂಗಳವೊಂದು ಕೋಣೆಯೊಳಗೆ ಬಂದು ಕೂತಂತಿತ್ತು. ಕಸ ಗುಡಿಸುವ ಸದ್ದು, ಬಾವಿಯ ರಾಟೆ, ದೂರದಲ್ಲಿ ಬೆಳ್ಳಿ ತಟ್ಟುವ ಸುತ್ತಿಗೆ. ಆಮೇಲೆ ಕ್ಯಾಯಿ ರಿರಿಸ್ ಕೂಗಿತು. "ಹೂರ್... ಕೆತೆಕೆತೆಕ್... ಕೂಂಗ್." ಆ ಕೊನೆಯ ಕೂಂಗ್ ಗಾಳಿಯಲ್ಲಿ ನಿಂತೇ ಇತ್ತು. ಬೀದಿಯ ಮುದುಕರು ತಾವಾಗಿ ತಲೆ ಓರೆಮಾಡಿದರು. ಆ ಅಂಗಳದಲ್ಲಿ ಬೆಳೆದವರಿಗೆಲ್ಲ ಕಣ್ಣು ತುಂಬಿಬಂತು. ಹಕ್ಕಿ ಸುಮ್ಮನಾದ ಮೇಲೆ ಸಣ್ಣಗೆ ಚಟಪಟ ಎಂದಿತು. ಲವಂಗದ ಸಿಗರೇಟು ಉರಿಯುವ ಸದ್ದು. ಅದೂ ಕೇಳಿತು. ಮುದಿ ಕಾರ್ಡು ಅದನ್ನೂ ಬಿಟ್ಟಿರಲಿಲ್ಲ.

ಆಮೇಲೆ ಒಂದು ಕೆಮ್ಮು. ವುರ್ಯಾನಿ ಸೆರಗಿನಂತೆ ಹೊದ್ದ ಸೆಲೆಂದಾಂಗ್ ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ಕಾಫಿ ಇಲ್ಲಿಡು ಬುನೆ" ಎಂದಿತು ಪಾಕ್ ಪ್ರವಿರೊ ಅವರ ದನಿ, ಪಕ್ಕದಲ್ಲೇ ಕೂತ ಹಾಗೆ. "ನಿನ್ನೆ ಬಂದಿದ್ನಲ್ಲ, ಭೂಗೋಳದ ಹುಡುಗ."

"ಹಕ್ಕಿ ಕೇಳೋಕೆ ಬಂದಿದ್ನಲ್ಲ" ಎಂದಿತು ಅತ್ತೆಯ ದನಿ. "ಪಾಪ, ಕಣ್ಣು ಮುಚ್ಕೊಂಡು ಕೇಳ್ತಿದ್ದ."

"ಏನು ಕೇಳಿದ? ನಿನ್ನೆ ಸಂಜೆ ರಿರಿಸ್ ಕೊಕ್ಕೇ ತೆಗೀಲಿಲ್ಲ. ಕೂಗಿದ್ದು ಗೋಡೆಯಾಚೆ ಆ ತೋಫು ಮಾರೋನ ಹಕ್ಕಿ. ಅದನ್ನ ಹಿಡ್ಕೊಂಡು ಜಾಗಟೆ ಅಂದ, ಬಾಲ ಅಂದ, ಗಾಳಿ ಅಂದ."

ಚಾಪೆಯ ಮೇಲೆ ಯಾರೋ ಕೆಮ್ಮಿದರು. ಟೇಪಿನಲ್ಲಲ್ಲ.

"ಹಾಗಾದ್ರೆ ಕಿವಿ ಇಲ್ಲ" ಎಂದರು ಅತ್ತೆ.

"ಒಂದು ಚೂರೂ ಇಲ್ಲ. ಇದ್ದಿದ್ದೆಲ್ಲ ಅಡುಗೆಮನೆ ಕಡೆಗಿತ್ತು, ವುರ್ ಓಡಾಡೋ ಸದ್ದಿಗೆ."

"ಬೇಡ ಅನ್ನೋಣವಾ?"

ಸಿಗರೇಟು ಚಟಪಟ ಎಂದಿತು. ಮಾರ್ಸುದಿ ಮೌಸ್ ಕಡೆ ಕೈ ಚಾಚಿದರು. ಸಾರ್ಜೆಂಟರು "ಮುಟ್ಟಬೇಡ" ಎಂದರು. "ಇಂಗಿಹ್, ಮಾಸ್" ಎಂದು ಕೈ ಹಿಂದಕ್ಕೆ ಬಂತು.

"ಯಾಕೆ ಬೇಡ?" ಎಂದರು ಪಾಕ್ ಪ್ರವಿರೊ. "ಕತ್ತಲಾಗೋವರೆಗೆ ಕೂತಿದ್ದ. ನಾನು ಒಂದೇ ಸಮ ಮಾತಾಡ್ತಾನೇ ಇದ್ದೆ, ಒಂದು ಸಲ ಅಡ್ಡ ಬಾಯಿ ಹಾಕಲಿಲ್ಲ. ನಮ್ಮ ವುರ್ ನಿನ್ನ ಹಾಗೆ, ಬಾಯಿ ಬಿಟ್ರೆ ನಿಲ್ಲಲ್ಲ. ಅವಳಿಗೆ ಹಕ್ಕಿ ದನಿ ತಿಳಿಯೋ ಗಂಡ ಬೇಕಾಗಿಲ್ಲ. ಪಕ್ಕದಲ್ಲಿ ಕೂತು ಅವಳ ಮಾತು ಪೂರ್ತಿ ಕೇಳೋನು ಬೇಕು. ಅಂಥೋನು ಸಿಗೋದು ರಿರಿಸ್‌ಗಿಂತ ಕಷ್ಟ. ಇವನಿಗೇ ಕೊಡೋಣ."

"ಟೇಪಿನ ಆ ಕೆಂಪು ದೀಪ ಯಾಕೆ ಇನ್ನೂ ಉರೀತಿದೆ?" ಎಂದಿತು ಅತ್ತೆಯ ದನಿ.

ಕಟಕ್.

ಮೊದಲು ನಕ್ಕವರು ಸಾರ್ಜೆಂಟರು. ಅದು ಪಿರಂಗಿ ಹಾರಿದ ಹಾಗೆ. ಆಮೇಲೆ ಚಾಪೆಗೆ ಚಾಪೆಯೇ ನಕ್ಕಿತು. ಪ್ರಾರ್ಥನೆ ಹೇಳಿದ ಹಿರಿಯರು ಟೋಪಿಯನ್ನು ಮುಖಕ್ಕೆ ಹಿಡಿದು ಭುಜ ಕುಲುಕಿಸಿದರು. ಗಂದುಂಗ್ ಮಾತ್ರ ನಗಲಿಲ್ಲ. "ಕೇಳಿದ್ರಾ, ಸ್ವಿಚ್ ಆರಿಸಿದ ಸದ್ದೂ ಬಂತು" ಎಂದು ಪಕ್ಕದವರಿಗೆ ಕಾರ್ಡಿನ ಗುಣ ವಿವರಿಸುತ್ತಿದ್ದ. ಮಾರ್ಸುದಿ ಗರಿಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ಕುರ್ಚಿಯ ಮೂಲೆಗೆ ಸರಿದು ಕೂತಿದ್ದರು.

ವುರ್ಯಾನಿ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟವಾಗಿತ್ತು. ಎರಡೂ ಇತ್ತು. ಅವರು ಎದ್ದು ಬಂದು ಗಂಡನ ಪಕ್ಕದಲ್ಲಿ ಕೂತು, "ಇನ್ನೊಂದು ಸಲ ಹಾಕಿ" ಎಂದರು. ಹಾಕಿದರು. ಆಮೇಲೆ ತಡವಾಗಿ ಬಂದವರಿಗಾಗಿ ಮತ್ತೊಂದು ಸಲ, ಕೊನೆಗೆ ಊಟ ಬಡಿ‌ಸುತ್ತಿದ್ದ ಹೆಂಗಸರಿಗಾಗಿ ಮತ್ತೊಂದು ಸಲ. ಕಾರ್ಡು ಒಳ್ಳೆಯದಾಗಿತ್ತು. ಎಷ್ಟು ಸಲ ಹಾಕಿದರೂ ಒಂದು ಅಕ್ಷರ ಸವೆಯಲಿಲ್ಲ.

ಬೆಳಗ್ಗೆ ಮಾರ್ಸುದಿ ಬೇಗ ಎದ್ದು ಕ್ಲೆಪೋನ್‌ನ ಪಂಜರವನ್ನು ವಾಪಸ್ ತಂದು ಗಳುವಿನ ತುದಿಗೆ ಏರಿಸಿದರು. ರಾತ್ರಿಯ ನಗು ಇನ್ನೂ ಬೀದಿಯಲ್ಲಿ ಅಲ್ಲಲ್ಲಿ ಉಳಿದಿತ್ತು. ನೀರಿಗೆ ಹೋಗುವವರೆಲ್ಲ ಅವರ ಕಿವಿಯನ್ನೇ ನೋಡಿ ಹೋಗುತ್ತಿದ್ದರು. ಅವರು ಕೆಳಗೆ ಕೂತು ಕಾದರು. ಸೂರ್ಯ ಗೋಡೆ ಹತ್ತುವ ಹೊತ್ತಿಗೆ ತಲೆಯ ಮೇಲಿಂದ "ಹೂರ್, ಕೆತೆಕೆತೆಕ್, ಕೂಂಗ್" ಎಂದು ಕೇಳಿತು. ಅವರ ಎದೆ ಉಬ್ಬಿತು.

"ಬುನೆ, ಬಾ ಬೇಗ. ಮೇಘನಾದನಿಗೆ ಧೈರ್ಯ ಬಂತು. ಆ ಬಾಲ ಕೇಳಿದೆಯಾ, ಜಾಗಟೆ ಹೊಡೆದ ಹಾಗೆ."

ವುರ್ಯಾನಿ ಎರಡು ಲೋಟ ಕಾಫಿ ಹಿಡಿದು ಬಂದರು. ಮೇಲೆ ನೋಡಿದರು. ಗೋಡೆಯಾಚೆ ನೋಡಿದರು.

"ಅದು ಪಕ್ಕದ ಮನೇದು, ಪಾಕ್ನೆ."

ಅವರು ಲೋಟ ಕೊಟ್ಟು ಪಕ್ಕದಲ್ಲಿ ಕೂತರು. ಆಮೇಲೆ ಅಪ್ಪನ ಕೆಮ್ಮು ಎಷ್ಟು ಸರಿಯಾಗಿ ಬಂದಿತ್ತು, ಅಣ್ಣ ಮೇಕೆ ಮಾಂಸ ಹೇಗೆ ಹಂಚಿದ, ಆಪೆಮ್ ಯಾಕೆ ಸ್ವಲ್ಪ ಗಟ್ಟಿಯಾಯಿತು ಎಂದು ಶುರುಮಾಡಿದರು. ಬಹಳ ಹೊತ್ತು ಹೇಳಿದರು. ಮಾರ್ಸುದಿ ಪೂರ್ತಿ ಕೇಳಿ "ಹೂಂ" ಎಂದರು.